ಹಾಡಬಾರದ ಹಲಗೆ

ಫೆಬ್ರವರಿ ೩, ಮಂಗಳವಾರ

ನನ್ನ ಪತ್ನಿಯ ಗಂಟಲಿನ ಶಸ್ತ್ರಚಿಕಿತ್ಸೆಯ ಗಾಯ ಸಂಪೂರ್ಣವಾಗಿ ಮಾಗಿರುವುದಾಗಿ ವೈದ್ಯರು ಇಂದು ಬೆಳಿಗ್ಗೆ ಖಚಿತಪಡಿಸಿದರು. ಗಂಟು ಹೋಯಿತು, ಅದರೊಡನೆ ದನಿಯೂ ಬಹುಪಾಲು ಹೋಯಿತು. ಉಳಿದಿರುವುದು ಪಿಸುಮಾತಿಗಿಂತ ತುಸು ಮೇಲಿನ, ಉಸಿರು ಬೆರೆತ ಒಂದು ಸ್ವರ. ಇನ್ನು ಮುಂದೆ ಅಷ್ಟರಲ್ಲಿಯೇ ನಡೆಸಿಕೊಂಡು ಹೋಗತಕ್ಕದ್ದು, ಯಾವ ಕಾರಣಕ್ಕೂ ಕೂಗತಕ್ಕದ್ದಲ್ಲ ಎಂಬುದು ಅವರ ಆಜ್ಞೆ.

ಪ್ರಾಣ ಉಳಿದುದಕ್ಕೆ ನಾನು ಋಣಿ. ಆದರೆ ಈಕೆಯ ಉದ್ಯೋಗವೇ ದನಿ ಎಂಬುದನ್ನು ಮರೆಯುವಂತಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಸಾಲುಸಾಲು ಯಂತ್ರಗಳ ಎದುರು ಎತ್ತರದ ಸ್ಟೂಲಿನ ಮೇಲೆ ಕುಳಿತು, ಹೊಲಿಯುವವರ ಕೈಗೆ ಕೆಲಸವಿರುವಾಗ ಬಿಡುವಾಗಿರುವ ಅವರ ಕಿವಿಗೆ ಕಾದಂಬರಿ ಓದುವುದು ಈಕೆಯ ಕೆಲಸ. ಅಲ್ಲಿ ಎಲ್ಲರ ಬಾಯಲ್ಲೂ ಈಕೆ ‘ಕಥೆಯಕ್ಕ’. ದನಿ ಕೈಕೊಟ್ಟ ದಿನ ಕಾದಂಬರಿಯಲ್ಲಿ ಯಾರೋ ಬಾಗಿಲು ತಟ್ಟಿದ್ದರಂತೆ. ತೆರೆಯುವ ಮೊದಲೇ ಕೆಮ್ಮು ಬಂದು ಓದು ನಿಂತಿತು. ತಟ್ಟಿದವರು ಯಾರೆಂದು ನಾನು ಆಸ್ಪತ್ರೆಯಲ್ಲಿ ಕೇಳಿದಾಗಲೂ ಈಕೆ ತಲೆಯಾಡಿಸಿದಳೇ ಹೊರತು ತಿಳಿಸಲಿಲ್ಲ.

ಮಧ್ಯಾಹ್ನ ಕಾರ್ಖಾನೆಯ ಮೇಲ್ವಿಚಾರಕಿ ಯೋಗಕ್ಷೇಮ ವಿಚಾರಿಸಲು ಬಂದರು. ಕೆಲಸದ ವಿಷಯ ಏನು ಮಾಡುವುದೆಂದು ಕೇಳಿದರು. ಪತ್ನಿ ನನ್ನ ಕಿವಿಯಲ್ಲಿ, “ಬರ್ತೀನಿ ಅನ್ನಿ. ಸ್ವಲ್ಪ ದಿನ ಕೊಡಿ ಅನ್ನಿ” ಎಂದಳು. ಉದ್ಯೋಗದ ಇಡೀ ಅವಧಿಯನ್ನು ಮನವಿ, ಅಹವಾಲು, ಅರ್ಜಿಗಳ ಶುದ್ಧಪ್ರತಿ ತೆಗೆಯುವುದರಲ್ಲಿ ಕಳೆದ ನಾನು ಅಂಥ ಬರಿಮೈ ಮಾತನ್ನು ಮೇಲಿನವರ ಮುಂದೆ ಹೇಗೆ ಇಡಲಿ? “ತಮ್ಮ ಸಂಸ್ಥೆಯ ಸೇವೆಯನ್ನು ಪರಮ ಭಾಗ್ಯವೆಂದು ಭಾವಿಸಿರುವ ಈಕೆ, ಪ್ರಸ್ತುತ ಆರೋಗ್ಯ ಪರಿಸ್ಥಿತಿಯನ್ನು ತಮ್ಮ ದಯಾಪೂರ್ಣ ಅವಗಾಹನೆಗೆ ತಂದು, ಮುಂದಿನ ಕ್ರಮವನ್ನು ತಮ್ಮ ವಿವೇಚನೆಗೇ ಬಿಟ್ಟಿರುತ್ತಾಳೆ” ಎಂದು ನಿವೇದಿಸಿದೆ. ತೂಕ ತಪ್ಪದ ವಾಕ್ಯವೆಂದು ಈಗಲೂ ನನ್ನ ಅಭಿಪ್ರಾಯ.

ಮೇಲ್ವಿಚಾರಕಿ ಎದ್ದು ನಿಂತರು. “ಓ, ಹಾಗಾ? ಸರಿ ಬಿಡಿ, ನಾನೂ ಬಲವಂತ ಮಾಡಲ್ಲ. ಒಂದು ರೇಡಿಯೋ ಹಾಕಿಸಿಬಿಡ್ತೀನಿ. ಅಮ್ಮ ಆರಾಮಾಗಿ ಮನೇಲಿರ್ಲಿ” ಎಂದು ಹೊರಟೇಬಿಟ್ಟರು.

ಪತ್ನಿ ನನ್ನ ಮೇಲೆ ದಿಂಬು ಎಸೆದಳು. ಅಷ್ಟರಲ್ಲಿ ಒಳಗಿದ್ದ ನನ್ನ ನಾದಿನಿ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿ, ಮೇಲ್ವಿಚಾರಕಿಯನ್ನು ತಡೆದು, ಒಂದು ವಾಯಿದೆ ಪಡೆದು ಬಂದಳು. ಮಾರ್ಚ್ ಹದಿನಾರರಂದು ಅಕ್ಕ ಓದಬೇಕು. ಕೊನೆಯ ಸಾಲಿಗೆ ಕೇಳಿಸಿದರೆ ಕೆಲಸ ಅವಳದು, ಇಲ್ಲವಾದರೆ ರೇಡಿಯೋದ್ದು.

“ಏನು ಹೇಳಿ ಒಪ್ಪಿಸಿದೆ?” ಎಂದು ಕೇಳಿದೆ.

“‘ಅಕ್ಕ ಬರ್ತಾಳೆ, ಸ್ವಲ್ಪ ದಿನ ಕೊಡಿ’ ಅಂದೆ, ಭಾವ.”

ಇತ್ತೀಚಿನ ಅಧಿಕಾರಿಗಳಿಗೆ ಗದ್ಯದ ಅಭಿರುಚಿ ಇಲ್ಲ.

ಫೆಬ್ರವರಿ ೬, ಶುಕ್ರವಾರ

ನಾದಿನಿಯ ವೃತ್ತಿ ಸ್ಪೀಕರುಗಳಿಗೆ ಪೆಟ್ಟಿಗೆ ಕಟ್ಟುವುದು. ಸಭಾಂಗಣದವರು, ನಾಟಕದವರು, ಮನೆಯಲ್ಲಿ ಕಣ್ಣು ಮುಚ್ಚಿ ಸಂಗೀತ ಕೇಳುವ ಶ್ರೀಮಂತರು ಎಲ್ಲರೂ ಅವಳಲ್ಲಿಗೆ ಬರುತ್ತಾರೆ. ವಿನಯವೆಂಬುದು ಅವಳ ಹತ್ತಿರ ಸುಳಿದದ್ದಿಲ್ಲ. “ಈ ಊರಲ್ಲಿ ಒಳ್ಳೆ ದನಿ ಎಲ್ಲಿ ಕೇಳಿದ್ರೂ ಪೆಟ್ಟಿಗೆ ನಂದೇ” ಎನ್ನುತ್ತಾಳೆ.

ತುಟಿಯ ಪಕ್ಕ ನಿಲ್ಲುವ ಒಂದು ಸಣ್ಣ ಮೈಕು, ಒಂದು ಆಂಪ್ಲಿಫೈಯರು, ಒಂದು ಸ್ಪೀಕರಿನ ಪೆಟ್ಟಿಗೆ: ಇಷ್ಟಿದ್ದರೆ ಅಕ್ಕನ ಪಿಸುಮಾತನ್ನು ಕೊನೆಯ ಸಾಲಿಗೆ ಮುಟ್ಟಿಸುವೆನೆಂದು ಅವಳ ಭರವಸೆ. ಪೆಟ್ಟಿಗೆಗೆ ಬಳಸುವ ಹಲಗೆಯ ತುಂಡೊಂದನ್ನು ತಂದು ತೋರಿಸಿದಳು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ತೆಗೆದದ್ದು. ಕಂದು ಬಣ್ಣ, ಎಳೆಯಿಲ್ಲ, ಗಂಟಿಲ್ಲ, ವಂಶವಿಲ್ಲ.

“ಇದು ಹೊಟ್ಟು” ಎಂದೆ.

“ಹೊಟ್ಟಲ್ಲ ಭಾವ, ಒತ್ತು ಹಲಗೆ.”

ಎಷ್ಟು ಒತ್ತಿದರೂ ಹೊಟ್ಟು ಹೊಟ್ಟೇ. ನನ್ನ ಪತ್ನಿಯ ಮಾತು ಕಸದ ರಾಶಿಯಿಂದ ಹೊರಡುವುದನ್ನು ನಾನು ಒಪ್ಪಲಾರೆ. ನನ್ನ ಬರೆಯುವ ಮೇಜಿನಿಂದಲೇ ಸದರಿ ಪೆಟ್ಟಿಗೆಯನ್ನು ಮಾಡತಕ್ಕದ್ದೆಂದು ತೀರ್ಮಾನಿಸಿದ್ದೇನೆ. ನಾದಿನಿ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಅದು ಅವಳ ಸ್ವಭಾವಕ್ಕೆ ವಿರುದ್ಧ. ಕೊನೆಗೆ, “ಆ ಮೇಜನ್ನಾ ಭಾವ?” ಎಂದಳು.

ಅದನ್ನೇ.

ಫೆಬ್ರವರಿ ೧೧, ಬುಧವಾರ

ಮೂಲೆಯಂಗಡಿಯ ಬಡಗಿ ಶನಿವಾರವೇ ಮೇಜನ್ನು ಬಿಚ್ಚಿದ. ನಾನು ನಿವೃತ್ತನಾದಾಗ ಕಚೇರಿಯವರು ನನ್ನೊಡನೆ ಅದನ್ನೂ ಮನೆಗೆ ಕಳುಹಿಸಿದ್ದರು. ಯಾವ ಮರವೆಂಬ ಬಗ್ಗೆ ನೋಡಿದ ಬಡಗಿಗಳಲ್ಲಿ ಇದುವರೆಗೆ ಒಮ್ಮತವಿಲ್ಲ. ಒಬ್ಬೊಬ್ಬನೂ ತನಗೆ ಪ್ರಿಯವಾದ ಮರದ ಹೆಸರು ಹೇಳಿ ಮೇಲ್ಮೈಯನ್ನು ಸವರಿ ಹೋಗಿದ್ದಾನೆ. ಇವನೂ ಸವರಿದ.

ಗರಗಸ ಬಿದ್ದ ಅಂಚಿನಲ್ಲಿ ಮರ ಇಂದೇ ಕಡಿದಂತೆ ಕೆಂಪಗಿತ್ತು. ಎಳೆಗಳು ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯುತ್ತ, ಗಂಟು ಎದುರಾದಲ್ಲಿ ಸರಿದು ದಾರಿ ಬಿಟ್ಟು, ಮುಂದೆ ಮತ್ತೆ ಕೂಡುತ್ತವೆ. ಎಂಥ ಮರ್ಯಾದಸ್ಥ ಮರ! ಬೆರಳ ಗೆಣ್ಣಿನಿಂದ ಬಡಿದರೆ ಗಂಟೆಯ ಹಾಗೆ ಮೊಳಗುತ್ತದೆ. ಬಡಗಿಯೂ ನಾನೂ ಸರದಿಯ ಮೇಲೆ ಬಡಿದು ಕೇಳಿದೆವು.

ಹೊಳಪು ಕೊಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹೊರಮೈಗೆ ಮೂರು ಬಾರಿ ವಾರ್ನಿಷು ಬಳಿದು, ನಡುನಡುವೆ ಉಜ್ಜಿ, ನನ್ನ ಮುಖ ಕಾಣುವಂತೆ ಮಾಡಿದ್ದೇನೆ. ಒಳಮೈಯನ್ನು ಹಾಗೆಯೇ ಬಿಟ್ಟೆ. ಮನವಿಯನ್ನು ಹಾಳೆಯ ಒಂದೇ ಬದಿಯಲ್ಲಿ ಬರೆಯುವುದು ಕ್ರಮ. ಹಿಂಬದಿಯನ್ನು ಯಾರೂ ಓದುವುದಿಲ್ಲ.

ಫೆಬ್ರವರಿ ೧೭, ಮಂಗಳವಾರ

ಪೆಟ್ಟಿಗೆ ಸಿದ್ಧವಾಯಿತು. ಬಡಗಿ ಜೋಡಿಸಿದ್ದನ್ನು ನಾದಿನಿ ಒಯ್ದು, ಸ್ಪೀಕರು ಕೂರಿಸಿ ತಂದಳು. ನಡುಮನೆಯ ಕಿಟಕಿಯ ಕೆಳಗೆ ಇಟ್ಟಾಗ ಉಳಿದ ಸಾಮಾನುಗಳೆಲ್ಲ ಎದ್ದು ನಿಲ್ಲಬೇಕಾಗಿತ್ತು, ಅಷ್ಟು ಗಾಂಭೀರ್ಯ.

ಪತ್ನಿ ಮೈಕು ಸಿಕ್ಕಿಸಿಕೊಂಡಳು. ಅವಳು ಏನೋ ಹೇಳಬೇಕೆಂದು ತುಟಿ ತೆರೆದು, ಮೊದಲ ಅಕ್ಷರ ಹೊರಟೊಡನೆ ಬೆಚ್ಚಿ ಪೆಟ್ಟಿಗೆಯ ಕಡೆ ತಿರುಗಿದಳು.

“ಯಾರಿದು?” ಎಂದಿತು ಪೆಟ್ಟಿಗೆ, ತುಂಬು ಗಾಂಭೀರ್ಯದಿಂದ.

ಅದ್ಭುತವೆಂದು ನಾನು ಹೇಳಿದೆ. ಅವಳ ತೆಳು ಮಾತಿಗೆ ಘನತೆ ಬಂದಿತ್ತು. ಒಂದೊಂದು ಪದದ ಬೆನ್ನಿಗೂ ಮರದ ಮೊಳಗು ಸೇರಿ, ಪಕ್ಕದ ಕೋಣೆಯಲ್ಲಿ ಹಿರಿಯರೊಬ್ಬರು ಹೂಂಗುಟ್ಟುತ್ತಿರುವಂತೆ ಕೇಳಿಸುತ್ತಿತ್ತು. ಆದರೆ ನಾದಿನಿ ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಒತ್ತಿ ಹಿಡಿದು, ಮುಖ ಸಪ್ಪೆ ಮಾಡಿದಳು.

“ಪಿಟೀಲಿಗಾದ್ರೆ ಮರ ಹಾಡ್ಬೇಕು ಭಾವ. ಸ್ಪೀಕರ್ ಪೆಟ್ಟಿಗೆ ಹಾಡಬಾರದು. ಹಾಡೋರು ಬೇರೆ ಇರ್ತಾರಲ್ಲ? ಅಂಗೈ ಇಟ್ಟು ನೋಡಿ, ಹೇಗೆ ನಡುಗ್ತಿದೆ. ಈ ಮರಕ್ಕೂ ನಿಮ್ಮ ಹಾಗೇ ಸ್ವಂತ ಮಾತು ಜಾಸ್ತಿ.”

ಮರದ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಪ್ರಶಂಸೆಯಾದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ಪತ್ನಿ ಮೈಕನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ನನ್ನ ಕಿವಿಯಲ್ಲಿ, “ಇದು ನಾನಲ್ಲ ರೀ” ಎಂದಳು. ಏಳುವಾಗ ಆ ಹಳೆಯ ಮೇಜಿನ ಮರದ ಅಂಚನ್ನು ಒಮ್ಮೆ ಸವರಿದಳು.

ಫೆಬ್ರವರಿ ೨೦, ಶುಕ್ರವಾರ

ರೂಢಿಯಾಗಲು ಕಾಲ ಬೇಕು. ಮೂರು ದಿನಗಳಿಂದ ಪತ್ನಿ ಪೆಟ್ಟಿಗೆಯ ಹತ್ತಿರ ಸುಳಿದಿಲ್ಲ.

ಎದುರುಮನೆಯಾಕೆ ಬಂದಿದ್ದಳು. “ಹೇಗಿದೀರಾ ಅಮ್ಮ?” ಎಂದದ್ದಕ್ಕೆ ಪತ್ನಿ, “ಬೇಜಾರು” ಎಂದು ಪಿಸುಗುಟ್ಟಿದಳು. “ತಮ್ಮೆಲ್ಲರ ಶುಭ ಹಾರೈಕೆಯಿಂದ ದಿನೇ ದಿನೇ ಚೇತರಿಕೆ ಕಂಡುಬರುತ್ತಿದೆ” ಎಂದು ನಾನು ಮುಟ್ಟಿಸಿದೆ. ಆಕೆ ಸಮಾಧಾನಗೊಂಡು ಹೋದಳು. ಪತ್ನಿ ಮಧ್ಯಾಹ್ನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಯಾಸವಿರಬೇಕು.

ಮಾರ್ಚ್ ೨, ಸೋಮವಾರ

ಕಳೆದ ವಾರವಿಡೀ ಮೋಡ, ತೇವ. ಒಗೆದ ಬಟ್ಟೆ ಒಣಗಲಿಲ್ಲ, ಉಪ್ಪು ನೀರಾಯಿತು. ಈ ದಿನ ನಾನೇ ಒತ್ತಾಯಿಸಿದ್ದರಿಂದ ಪತ್ನಿ ಮೈಕು ಹಿಡಿದು ಒಂದು ವಾಕ್ಯ ಓದಿದಳು. ಪೆಟ್ಟಿಗೆ ಗೊರಗೊರ ಎಂದಿತು. ‘ಸ’ ಬಂದಲ್ಲೆಲ್ಲ ಬುಸುಗುಟ್ಟಿತು. ನೋಡಿದರೆ ಮಗ್ಗುಲಿನ ಹಲಗೆ ದೋಣಿಯಂತೆ ಬಾಗಿ, ಬಡಗಿಯ ಅಂದವಾದ ಜೋಡಣೆ ಬಾಯಿ ಬಿಟ್ಟಿತ್ತು. ಸಂದಿನಲ್ಲಿ ಹಾಳೆ ತೂರಿಸಬಹುದಾಗಿತ್ತು.

ನಾದಿನಿ ಬಂದವಳೇ ಬ್ಯಾಟರಿ ಬಿಟ್ಟು ಒಳಗೆ ನೋಡಿದಳು. “ಸ್ಪೀಕರ್ ಕೂರಿಸೋವಾಗ ನಾನೂ ಗಮನಿಸ್ಲಿಲ್ಲ, ಒಳಗಡೆ ವಾರ್ನಿಷ್ ಎಲ್ಲಿ?”

“ಒಳಗಡೆ ಯಾರು ನೋಡುತ್ತಾರೆ?”

“ಗಾಳಿ ನೋಡುತ್ತೆ!” ಎಂದು ತಲೆ ಚಚ್ಚಿಕೊಂಡಳು. “ಒಂದು ಮೈ ಮುಚ್ಚಿ ಒಂದು ಮೈ ತೆರೆದಿಟ್ರೆ, ತೆರೆದ ಮೈ ನೀರು ಕುಡಿದು ಉಬ್ಬುತ್ತೆ, ಮುಚ್ಚಿದ್ದು ಉಬ್ಬಲ್ಲ, ಹಲಗೆ ಬಾಗುತ್ತೆ. ಗಟ್ಟಿ ಮರದಲ್ಲಿ ಪೆಟ್ಟಿಗೆ ಮಾಡೋರು ಇಲ್ಲ ಅಂತಲ್ಲ ಭಾವ. ಒಳಗೆ ಆಸರೆ ಕೊಟ್ಟು, ಮರಕ್ಕೆ ಮಿಸುಕಾಡೋಕೆ ಜಾಗ ಬಿಟ್ಟು ಮಾಡ್ತಾರೆ. ನೀವು ಮಹಾರಾಜನ್ನ ತಂದು ಕಿರುಕೋಣೆಯಲ್ಲಿ ಕೂಡಿ ಹಾಕಿದ್ರಿ. ಅವನು ಸುಮ್ನಿರ್ತಾನಾ?”

“ಇದನ್ನು ಮೊದಲೇ ಏಕೆ ಹೇಳಲಿಲ್ಲ?”

“ಆ ಮೇಜನ್ನ ಕುಯ್ಯೋಕೆ ಕೊಟ್ರಲ್ಲ, ನನಗೆ ಬಾಯೇ ಬರ್ಲಿಲ್ಲ.”

ಹಾಸಿಗೆಯ ಮೇಲಿನಿಂದ ಒಂದು ಸದ್ದು ಕೇಳಿತು. ಪತ್ನಿ ನಗುತ್ತಿದ್ದಳು. ಆ ನಗೆಗೆ ದನಿಯಿರಲಿಲ್ಲ, ಬರಿಯ ಉಸಿರು. ಆದರೂ ಅವಳದೇ ನಗೆ. ಆಸ್ಪತ್ರೆಗೆ ಹೋದಂದಿನಿಂದ ಕೇಳಿರಲಿಲ್ಲ.

ಇನ್ನು ಉಳಿದಿರುವುದು ಎರಡು ವಾರ. ಹೊಟ್ಟಿನ ಹಲಗೆಗೆ ನಾನು ಆಕ್ಷೇಪಿಸುವುದಿಲ್ಲ.

ಮಾರ್ಚ್ ೫, ಗುರುವಾರ

ದಿನವಿಡೀ ನಾದಿನಿಯ ಕಾರ್ಯಾಗಾರದಲ್ಲಿದ್ದೆ. ಮೇಲ್ವಿಚಾರಣೆಗೆಂದು ಹೋದವನನ್ನು ಅವಳು ಹಲಗೆ ಹಿಡಿಯಲು ನಿಲ್ಲಿಸಿದಳು.

ಒತ್ತು ಹಲಗೆಯ ತೂಕ ನೋಡಿದರೆ ಅದನ್ನು ಹೊಟ್ಟೆಂದು ಕರೆಯಲು ನಾಲಿಗೆ ಏಳುವುದಿಲ್ಲ. ಗೆಣ್ಣಿನಿಂದ ಬಡಿದೆ. ‘ಟಕ್’ ಎಂದು ಅಲ್ಲಿಗೇ ಮುಗಿಯಿತು. ಮೊಳಗಿಲ್ಲ, ಬಾಲವಿಲ್ಲ. ಎಲ್ಲಿ ಬಡಿದರೂ ಅದೇ ಉತ್ತರ. ಎಳೆಯ ದಿಕ್ಕಿಲ್ಲದ್ದರಿಂದ ಎತ್ತ ಕೊಯ್ದರೂ ಅಂಚು ಒಂದೇ ಸಮ; ಬಾಗುವ ಬಯಕೆಯೂ ಇಲ್ಲ. ಇದೇ ಮೊದಲ ಬಾರಿಗೆ ಅದನ್ನು ಕೈಯಲ್ಲಿ ಹಿಡಿದು ನೋಡಿದೆ ಎಂದು ತೋರುತ್ತದೆ.

ಆದರೆ ಅದಕ್ಕೂ ಜಂಭವಿದೆ. ನಾದಿನಿ ತನ್ನ ಕೈಚಳಕ ತೋರಿಸಲು ಹೋಗಿ, ಮೊದಲು ತೂತು ಕೊರೆಯದೆ ಅಂಚಿಗೆ ನೇರವಾಗಿ ತಿರುಪು ಹೊಡೆದಳು. ಹಲಗೆ ಬಿಸ್ಕತ್ತಿನಂತೆ ಪದರು ಬಿಟ್ಟು ಸೀಳಿತು.

“ಈ ಊರಿನ ಒಳ್ಳೆಯ ದನಿಗಳ ಪೆಟ್ಟಿಗೆಯೆಲ್ಲ ಹೀಗೆಯೇ ಆಗುವುದೋ?” ಎಂದು ವಿಚಾರಿಸಿದೆ.

“ಭಾವ, ಹಲಗೆ ಹಿಡ್ಕೊಳ್ಳೋಕೆ ಬಾಯಿ ಬೇಕಾಗಲ್ಲ.”

ಬೇರೆ ಹಲಗೆ ಕೊಯ್ದು ಮತ್ತೆ ಮೊದಲಿನಿಂದ ಹಿಡಿದಳು. ಪೆಟ್ಟಿಗೆಯ ಒಳಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡ ಆಸರೆಗಳನ್ನು ಕೊಡುತ್ತಾಳೆ. ಮಧ್ಯದಲ್ಲಲ್ಲ, ಸ್ವಲ್ಪ ಓರೆಯಾಗಿ. ಸರಿಯಾಗಿ ಮಧ್ಯಕ್ಕೆ ಕೊಟ್ಟರೆ ಎರಡೂ ಅರ್ಧಗಳು ಒಂದೇ ಸ್ವರದಲ್ಲಿ ನಡುಗುತ್ತವಂತೆ. ನೀರು ತಾಗಿದರೆ ಅಂಚು ಉಬ್ಬುವುದರಿಂದ ಅಂಚುಗಳಿಗೆಲ್ಲ ಅಂಟು ಕುಡಿಸುತ್ತಾಳೆ, ಒಳಗೋಡೆಗೆ ದಪ್ಪ ಉಣ್ಣೆ ಹೊದಿಸುತ್ತಾಳೆ. ಮುಚ್ಚಿದ ಮೇಲೆ ಇದಾವುದೂ ಯಾರ ಕಣ್ಣಿಗೂ ಬೀಳದು. ಇಷ್ಟೆಲ್ಲ ದುಡಿಮೆ ಹಲಗೆಯನ್ನು ಸುಮ್ಮನಿರಿಸಲು! ನನ್ನ ನಾದಿನಿ ಇಷ್ಟು ನಿಧಾನವಾಗಿ, ಇಷ್ಟು ಮೌನವಾಗಿ ಕೆಲಸ ಮಾಡಬಲ್ಲಳೆಂದು ನನಗೆ ತಿಳಿದಿರಲಿಲ್ಲ. ಅವಳ ಅಕ್ಕ ಪುಟ ತಿರುವುವಾಗ ಹೀಗೆಯೇ ಕೆಳದುಟಿ ಕಚ್ಚಿಕೊಳ್ಳುತ್ತಾಳೆ.

ಮಾರ್ಚ್ ೯, ಸೋಮವಾರ

ಬಣ್ಣ ಬಳಿಯದ ಕಂದು ಪೆಟ್ಟಿಗೆ ಮನೆಗೆ ಬಂತು. ಹೆಂಡತಿ ಮೈಕು ಸಿಕ್ಕಿಸಿಕೊಂಡಳು.

“ಕೇಳಿಸ್ತಿದ್ಯಾ?” ಎಂದಳು.

ದನಿ ತೆಳುವಾಗಿತ್ತು, ಸ್ವಲ್ಪ ಒರಟು. ಹಳೆಯ ದನಿಯಲ್ಲ. ಪದ ಮುಗಿದ ಮೇಲೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಮೂಲೆಯಿಂದ ಬಂದಂತಿರಲಿಲ್ಲ, ಅವಳಿಂದಲೇ ಬಂದಂತಿತ್ತು. ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟೆ. ಏನೂ ಇಲ್ಲ, ಮಲಗಿದ ಹಸುವಿನ ಬೆನ್ನಿನಷ್ಟು ಶಾಂತ.

“ಏನ್ ಗರ ಬಡಿದೋರ ಹಾಗೆ ನಿಂತಿದ್ದೀರಾ? ಗ್ಯಾಸ್ ಮೇಲೆ ಹಾಲಿದೆ!” ಎಂದು ಪೆಟ್ಟಿಗೆ ಗದರಿಸಿತು.

ಹಾಲು ಉಕ್ಕಿ ಹೋಗಿತ್ತು. ಒಲೆ ಒರೆಸುವಾಗ ನಾದಿನಿ ನನ್ನ ಮುಖ ನೋಡಿ ಬಟ್ಟೆ ಹಿಂಡಿಕೊಟ್ಟಳು.

ಮಾರ್ಚ್ ೧೨, ಗುರುವಾರ

ಹೊಸ ಪೆಟ್ಟಿಗೆಯ ಒಂದೇ ಅವಗುಣ ತೂಕ. ಸ್ಟೂಲಿನ ಮೇಲಿಟ್ಟರೆ ಸ್ಟೂಲು ತೊನೆಯುತ್ತದೆ. ಮೇಜಿನ ಮರದಿಂದ ಅದಕ್ಕೊಂದು ಗಟ್ಟಿ ಪೀಠ ಮಾಡೋಣವೆಂದು ನಾದಿನಿಯೇ ಸೂಚಿಸಿದಳು: “ಹೊರೋ ಕೆಲಸಕ್ಕೆ ನಿಮ್ಮ ಮಹಾರಾಜನ್ನ ಮೀರಿಸೋರಿಲ್ಲ ಭಾವ.” ಬಡಗಿ ಕಾಲುಗಳನ್ನು ಜೋಡಿಸಿಕೊಟ್ಟ. ಬಾಗಿದ ಹಲಗೆಯನ್ನು ಹತ್ತರಿ ಹೊಡೆದು ನೆಟ್ಟಗೆ ಮಾಡಿದ. ವಾರ್ನಿಷು ನನ್ನದು. ಮೇಲೆ, ಕೆಳಗೆ, ಕಾಲಿನ ಅಡಿಗೆ, ಎಲ್ಲ ಕಡೆಗೂ.

ಉಜ್ಜುತ್ತಿದ್ದಾಗ ಎದುರುಮನೆಯಾಕೆ ಬಂದಳು. ಒಳಗೆ ಹೆಂಡತಿಯೂ ಆಕೆಯೂ ಏನೋ ಹೇಳಿಕೊಂಡು ಬಹಳ ನಕ್ಕರು. ನನ್ನ ಕೈ ತುಂಬ ಪುಡಿಯಿತ್ತು, ನಾನು ಏಳಲಿಲ್ಲ.

ಮಾರ್ಚ್ ೧೫, ಭಾನುವಾರ

ಮನೆಯಲ್ಲಿ ಕೇಳಿಸುವುದು ಬೇರೆ, ಅಷ್ಟು ಯಂತ್ರಗಳ ನಡುವೆ ಕೇಳಿಸುವುದು ಬೇರೆ. ದನಿ ಹೆಚ್ಚಿಸಿದರೆ ಮೈಕು ಕೀರಲಿಡುತ್ತದೆ. ಪೆಟ್ಟಿಗೆ ಅಕ್ಕನ ಹಿಂದಿರಬಾರದು, ಮುಂದಿರಬೇಕು ಎಂದು ನಾದಿನಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ತೋರಿಸಿದಳು. ಅವಳಿಗೂ ಭಯವಿದೆ, ಒಮ್ಮೆಯೂ ಜಂಭ ಕೊಚ್ಚಲಿಲ್ಲ.

ಹೆಂಡತಿ ಕಾದಂಬರಿಯನ್ನು ತೆಗೆದು ಬಾಗಿಲು ತಟ್ಟಿದ ಪುಟದಲ್ಲಿ ದಾರವಿಟ್ಟಳು. ಇಣುಕಿ ನೋಡಲು ಹೋದೆ. ಪಟ್ಟನೆ ಮುಚ್ಚಿದಳು.

ಮಾರ್ಚ್ ೧೬, ಸೋಮವಾರ

ಪೀಠವನ್ನು ನಾನು ಹೊತ್ತೆ, ಪೆಟ್ಟಿಗೆಯನ್ನು ನಾದಿನಿ ಹೊತ್ತಳು. ಕಾರ್ಖಾನೆಯ ಬಾಗಿಲಲ್ಲಿ ಎಣ್ಣೆ ಮತ್ತು ಹೊಸ ಬಟ್ಟೆಯ ವಾಸನೆ. ಮೊದಲ ಸಾಲಿನ ಎದುರು ಪೀಠವಿಟ್ಟು ಅದರ ಮೇಲೆ ಪೆಟ್ಟಿಗೆ ಕೂರಿಸಿದೆವು. ಅಲುಗಾಡಲಿಲ್ಲ. ಇವಳು ಅದರ ಹಿಂದೆ ತನ್ನ ಹಳೆಯ ಸ್ಟೂಲಿನ ಮೇಲೆ ಕುಳಿತಳು. ಗೋಡೆಯ ಮೇಲೆ ರೇಡಿಯೋಗೆಂದು ಮೊಳೆ ಹೊಡೆದಿದ್ದರು. ರೇಡಿಯೋ ಇನ್ನೂ ಡಬ್ಬದಲ್ಲಿತ್ತು.

ಮೇಲ್ವಿಚಾರಕಿ ನನ್ನ ಹತ್ತಿರ ಬಂದು, “ಏನಂತಾರೆ ನಿಮ್ಮ ಮನೆಯವರು? ಆಗುತ್ತಂತಾ?” ಎಂದು ಕೇಳಿದರು.

ದಾರಿಯಲ್ಲಿ ನಾನೊಂದು ವಾಕ್ಯ ಕಟ್ಟಿಕೊಂಡಿದ್ದೆ, ಒಳ್ಳೆಯ ವಾಕ್ಯ. “ಅವಳನ್ನೇ ಕೇಳಿ” ಎಂದೆ.

ಅವರು ತಿರುಗಿದರು. “ಯಂತ್ರ ನಿಲ್ಸಬೇಡಿ, ಹೊಲೀತಾನೇ ಇರ್ಲಿ” ಎಂದಳು ಇವಳು, ಪೆಟ್ಟಿಗೆಯಿಂದ.

ಯಂತ್ರಗಳು ಒಮ್ಮೆಗೇ ಶುರುವಾದವು. ನಾನು ಕೊನೆಯ ಸಾಲಿನ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನೆಲ ನಡುಗುತ್ತಿತ್ತು. ಆ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಅವಳ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಮೇಲ್ವಿಚಾರಕಿ ನೆಲ ನೋಡಿದರು. ನಾದಿನಿ ಬಗ್ಗಿ ಪೆಟ್ಟಿಗೆಯನ್ನು ಸ್ವಲ್ಪವೇ, ಒಂದು ಬೆರಳಿನಷ್ಟು, ಸಾಲುಗಳ ಕಡೆ ತಿರುಗಿಸಿದಳು.

“...ಅಂತ ಕೇಳ್ತಿದ್ದೀನಿ. ಕೊನೇ ಸಾಲು? ನಿದ್ದೆನಾ?”

ನನ್ನ ಮುಂದೆ ಕುಳಿತಿದ್ದ ಹೆಂಗಸು ಪೆಡಲಿನಿಂದ ಕಾಲು ತೆಗೆದಳು. ಕತ್ತರಿ ಹಿಡಿದ ಕೈಯನ್ನೇ ಎತ್ತಿ ಕೂಗಿದಳು. “ಇಲ್ಲ ಕಥೆಯಕ್ಕಾ! ಅವನು ಪಾಪ ಅವತ್ತಿಂದ ಬಾಗ್ಲು ತಟ್ಟಿ ನಿಂತಿದ್ದಾನೆ! ಕಾಲು ನೋವು ಬಂದಿರುತ್ತೆ, ಬೇಗ ತೆಗೀರಿ!”

ಸಾಲುಸಾಲು ನಗೆ.

“ಅವನು ಅಂತ ನಿಂಗೆ ಯಾರೇ ಹೇಳಿದ್ದು?” ಎಂದಳು ಇವಳು. ತೆಳು ದನಿ, ಒರಟು ದನಿ, ಅಷ್ಟೂ ಯಂತ್ರಗಳನ್ನು ದಾಟಿ ನನ್ನವರೆಗೂ ಬಂತು. ಉಸಿರೂ ಬಂತು.

ಆಮೇಲೆ ದಾರ ತೆಗೆದು ಓದಿದಳು. ಮೇಲ್ವಿಚಾರಕಿ ಸ್ವಲ್ಪ ಹೊತ್ತು ನಿಂತು ಕೇಳಿದರು. ಹೋಗುವಾಗ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಮೊಳೆ ಉಳಿಯಿತು. ಅದಕ್ಕೆ ಇವಳು ತನ್ನ ಚೀಲ ನೇತುಹಾಕಿದಳು.

ಬಾಗಿಲು ತೆರೆಯಿತು. ಹೊರಗೆ ನಿಂತಿದ್ದವರು ಯಾರೆಂದು ನನಗೂ ಈಗ ಗೊತ್ತು. ಇಲ್ಲಿ ಬರೆಯಲು ಹೊರಟು ಲೇಖನಿ ಕೆಳಗಿಟ್ಟೆ. ಅದನ್ನು ಅವಳ ಬಾಯಿಂದಲೇ ಕೇಳಬೇಕು.